ಸುರುಳಿಯ ಅಲೆಗೆ ಎಷ್ಟು ಮುಖ

ತಂತಿಯನ್ನು ನೆಟ್ಟಗೆ ಎಳೆದರೆ ವಿದ್ಯುತ್ಕಾಂತೀಯ ಅಲೆ ಅದರ ಗುಂಟ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತದೆ. ಅದೇ ತಂತಿಯನ್ನು ಸುರುಳಿ ಸುತ್ತಿದರೆ, ಸುರುಳಿಯ ಈ ತುದಿಯಿಂದ ಆ ತುದಿ ಮುಟ್ಟಲು ಅಲೆ ತಡ ಮಾಡುತ್ತದೆ. ತಡವಾಗುವುದೇಕೆ ಎಂಬುದು ಗಜೇಂದ್ರಗಡದ ನೇಕಾರರ ಮನೆಯಲ್ಲಿ ಕಣ್ಣಿಗೇ ಕಾಣುತ್ತದೆ. ರಾಟಿ ತಿರುಗಿದಂತೆ ನೂಲು ಮಾರುಗಟ್ಟಲೆ ಬಂದು ಕಂಡಿಕೆಗೆ ಸುತ್ತಿಕೊಳ್ಳುತ್ತದೆ. ಆದರೆ ಒಂದು ಸುತ್ತು ಮುಗಿದಾಗ ಕಂಡಿಕೆಯ ಉದ್ದಕ್ಕೆ ಅದು ಮುಂದೆ ಸರಿದಿರುವುದು ಒಂದೆಳೆಯ ದಪ್ಪದಷ್ಟು ಮಾತ್ರ. ಅಲೆಯ ಪಾಡೂ ಅದೇ. ಸುರುಳಿಯ ವ್ಯಾಸ 2 ಮಿಲಿಮೀಟರ್ ಇದ್ದರೆ ಒಂದು ಸುತ್ತಿನ ತಂತಿ ಸುಮಾರು 6.3 ಮಿಲಿಮೀಟರ್. ಸುತ್ತಿನಿಂದ ಸುತ್ತಿಗೆ ಅಂತರ 0.63 ಮಿಲಿಮೀಟರ್ ಇದ್ದರೆ ಸುರುಳಿಯ ಉದ್ದಕ್ಕೆ ಅಲೆಯ ವೇಗ ಬೆಳಕಿನ ವೇಗದ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಲೆಕ್ಕ ಇಷ್ಟು ಸರಳ. ಆದರೆ ಈ ಅಲೆಯನ್ನು ವಿವರಿಸುವ ಬಗೆ ಎರಡು, ಮತ್ತು ಅವೆರಡೂ ಒಂದೇ ಜಗತ್ತನ್ನು ಹೇಳುತ್ತಿವೆ ಎಂದು ಮೇಲ್ನೋಟಕ್ಕೆ ಅನ್ನಿಸುವುದೇ ಇಲ್ಲ. ಒಂದು ಕ್ಷೇತ್ರದ ಬಗೆ: ತಂತಿಯ ಸುತ್ತಲ ಖಾಲಿ ಜಾಗದಲ್ಲಿ ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರ ಹಬ್ಬಿವೆ; ಅಲೆ ಇರುವುದು ಅಲ್ಲಿ; ತಂತಿ ಅದಕ್ಕೆ ದಾರಿ ತೋರುವ ದಡ ಮಾತ್ರ. (ಕ್ಷೇತ್ರ ಎಂಬ ಪಾರಿಭಾಷಿಕ ಪದ ಕನ್ನಡದಲ್ಲಿ ಊರಿ ನಿಂತುಬಿಟ್ಟಿದೆ. ಬದು ಹಾಕಿದ ಹೊಲವನ್ನು ನೆನಪಿಸುವ ಅದರ ಬದಲು ಬಯಲು ಎಂದಿದ್ದರೆ ಅರ್ಥಕ್ಕೆ ಹೆಚ್ಚು ಒಗ್ಗುತ್ತಿತ್ತು.) ಇನ್ನೊಂದು ಸರ್ಕ್ಯೂಟಿನ ಬಗೆ: ಸುರುಳಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಎಣಿಸಿ, ಪ್ರತಿ ತುಂಡಿಗೂ ಒಂದು ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಅಡ್ಡ ನಿಲ್ಲುವ ಗುಣ), ಒಂದು ಕೆಪಾಸಿಟೆನ್ಸ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಗುಣ) ಕೊಟ್ಟು, ಏಣಿಯ ಮೆಟ್ಟಿಲುಗಳಂತೆ ಅವನ್ನು ಜೋಡಿಸುವುದು. ಈ ಏಣಿಯಲ್ಲಿ ಸುರುಳಿಯೂ ಇಲ್ಲ, ಬಯಲೂ ಇಲ್ಲ. ಕಾಗದದ ಮೇಲೆ ಬರೆದ ಗುರುತುಗಳಿವೆ. ಆದರೂ ಅಲೆ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಏಣಿ ಸರಿಯಾಗಿ ಹೇಳುತ್ತದೆ. ಇಲ್ಲದ ವಸ್ತುಗಳನ್ನು ಕಲ್ಪಿಸಿಕೊಂಡು ಇರುವುದನ್ನು ಸರಿಯಾಗಿ ಹೇಳುವ ಮಾತನ್ನು ನಿಜ ಎನ್ನಬೇಕೋ, ಉಪಯೋಗಕ್ಕೆ ಬರುವ ಸುಳ್ಳು ಎನ್ನಬೇಕೋ? ಪ್ರಶ್ನೆ ಎಂಜಿನಿಯರಿಂಗಿನದ್ದಲ್ಲ, ದರ್ಶನದ್ದು. ರೋಣ, ನರಗುಂದ, ಗಜೇಂದ್ರಗಡದ ಸೀಮೆಯ ಮಟ್ಟಿಗೆ ಹೊಸದೂ ಅಲ್ಲ.

ಏಣಿಯ ಮೊದಲ ಮೆಟ್ಟಿಲು ಕಟ್ಟಿದವನು ವಿಲಿಯಂ ಥಾಮ್ಸನ್. ಸಮುದ್ರದಡಿಯ ಟೆಲಿಗ್ರಾಫ್ ಕೇಬಲಿನಲ್ಲಿ ಸಂಕೇತ ಹೇಗೆ ಸಾಗುತ್ತದೆ ಎಂಬ ಅವನ ಸಿದ್ಧಾಂತ ಪ್ರಕಟವಾದದ್ದು 1855ರಲ್ಲಿ. ಅದರಲ್ಲಿ ಇದ್ದದ್ದು ತಂತಿಯ ರೋಧ ಮತ್ತು ಕೆಪಾಸಿಟೆನ್ಸ್ ಎರಡೇ, ಇಂಡಕ್ಟೆನ್ಸ್ ಇರಲಿಲ್ಲ. ಹಾಗಾಗಿ ಆ ಮಾದರಿಯಲ್ಲಿ ಅಲೆಯೇ ಹುಟ್ಟುವುದಿಲ್ಲ. ಒಣಗಿದ ಎರೆಮಣ್ಣಿನೊಳಕ್ಕೆ ನೀರು ಇಳಿದಂತೆ ಸಂಕೇತ ಮೆಲ್ಲಗೆ ಇಂಗುತ್ತಾ ಹೋಗುತ್ತದೆ. ಮೂರು ವರ್ಷದ ನಂತರ, ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದು ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ ಅದೇ 1858ರ ಆಗಸ್ಟ್ ತಿಂಗಳಲ್ಲಿ, ಅಟ್ಲಾಂಟಿಕ್ ಸಾಗರದ ಮೊದಲ ಕೇಬಲ್ ಮಾತಾಡಿತು, ಕೆಲವೇ ವಾರಗಳಲ್ಲಿ ಸತ್ತಿತು. ಬದುಕಿದ್ದಷ್ಟು ದಿನ ಅದರ ಸಂಕೇತಗಳು ಥಾಮ್ಸನ್ ಹೇಳಿದಂತೆಯೇ ಮಸುಕಾಗಿ, ಎಳೆದಾಡಿಕೊಂಡು ಬಂದವು. ಅಂದರೆ ಅಲೆಯನ್ನೇ ಕಾಣದ ಮಾದರಿ ಆ ಕೇಬಲಿಗೆ ಸರಿಯಾಗಿತ್ತು. ಮುಂದೆ ಆಲಿವರ್ ಹೆವಿಸೈಡ್ ಇಂಡಕ್ಟೆನ್ಸನ್ನೂ ಸೇರಿಸಿ ಬರೆದ ಸಮೀಕರಣಗಳಲ್ಲಿ ಅಲೆ ಕಾಣಿಸಿಕೊಂಡಿತು. ಅದರ ವೇಗ ಇಂಡಕ್ಟೆನ್ಸ್, ಕೆಪಾಸಿಟೆನ್ಸ್‌ಗಳ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮ. ಹಿಂದಿನ ಮಾದರಿ ಇದರಿಂದ ಸುಳ್ಳಾಗಲಿಲ್ಲ. ಅದರ ಎಲ್ಲೆ ಗೊತ್ತಾಯಿತು.

ಅಲೆಯನ್ನು ಬೇಕೆಂದೇ ನಿಧಾನಿಸುವ ಸುರುಳಿಗೆ ಈ ಲೆಕ್ಕ ಬೇಕಾದದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ. ವಾಸ್ತುಶಿಲ್ಪಿಯಾಗಿ ಕಲಿತು ಭೌತವಿಜ್ಞಾನಕ್ಕೆ ಬಂದ ರುಡಾಲ್ಫ್ ಕಾಂಪ್ಫ್ನರ್ 1943ರಲ್ಲಿ ಟ್ರಾವೆಲಿಂಗ್ ವೇವ್ ಟ್ಯೂಬ್ ಕಟ್ಟಿದ. ಸಣ್ಣ ಸುರುಳಿಯ ನಡುವಿನಿಂದ ಎಲೆಕ್ಟ್ರಾನುಗಳ ಧಾರೆ ಹಾಯುತ್ತದೆ. 3000 ವೋಲ್ಟಿನಿಂದ ಓಡಿಸಿದ ಎಲೆಕ್ಟ್ರಾನ್ ಬೆಳಕಿನ ವೇಗದ ಹತ್ತನೇ ಒಂದಕ್ಕಿಂತ ತುಸು ಹೆಚ್ಚು ವೇಗದಲ್ಲಿರುತ್ತದೆ. ಸುರುಳಿಯ ಅಲೆಯನ್ನೂ ಅಷ್ಟಕ್ಕೇ ನಿಧಾನಿಸಿದರೆ ಎರಡೂ ಜೊತೆಜೊತೆಗೆ ಸಾಗಿ, ಎಲೆಕ್ಟ್ರಾನುಗಳ ಶಕ್ತಿ ಅಲೆಗೆ ಸೇರುತ್ತಾ ಹೋಗುತ್ತದೆ. ಕ್ಷೀಣ ಸಂಕೇತ ಬಲವಾಗುತ್ತದೆ. ಬೆಲ್ ಪ್ರಯೋಗಾಲಯದ ಜಾನ್ ಪಿಯರ್ಸ್ ಇದಕ್ಕೆ ಸಿದ್ಧಾಂತ ಬರೆದಾಗ ಸುರುಳಿಯನ್ನು ಬದಿಗಿಟ್ಟು, ಅದರ ಜಾಗದಲ್ಲಿ ಇಂಡಕ್ಟೆನ್ಸ್-ಕೆಪಾಸಿಟೆನ್ಸ್‌ಗಳ ಏಣಿಯೊಂದನ್ನು ಇಟ್ಟುಕೊಂಡ. 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹದಿಂದ ಅಟ್ಲಾಂಟಿಕ್ ದಾಟಿ ಟಿ.ವಿ. ಚಿತ್ರ ಹೋದದ್ದು ಇಂಥ ಟ್ಯೂಬಿನ ಬಲದಿಂದ. ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಮೈಕ್ರೋವೇವ್ ಟ್ಯೂಬ್ ಕೇಂದ್ರದ ಕೆಲಸವೂ ಇದೇ ವಂಶದ ಸಾಧನಗಳ ಮೇಲೆ.

ಪಿಯರ್ಸನ ಏಣಿಯಲ್ಲಿ ಒಂದು ಗುಟ್ಟಿದೆ. ಇಂಡಕ್ಟೆನ್ಸ್ ಎಷ್ಟು, ಕೆಪಾಸಿಟೆನ್ಸ್ ಎಷ್ಟು ಎಂದು ಕೇಳಿದರೆ ಏಣಿ ತಾನಾಗಿ ಉತ್ತರ ಕೊಡಲಾರದು. ಆ ಅಂಕಿಗಳು ಕ್ಷೇತ್ರದ ಲೆಕ್ಕದಿಂದ ಬರಬೇಕು. ಅದಕ್ಕಾಗಿ ಸುರುಳಿಯನ್ನು ಒಂದು ಕೊಳವೆ ಎಂದು ಭಾವಿಸಲಾಗುತ್ತದೆ, ವಿದ್ಯುತ್ ಓರೆಯಾಗಿ ಸುತ್ತಿನ ದಿಕ್ಕಿಗಷ್ಟೇ ಹರಿಯಬಲ್ಲ ಕೊಳವೆ. ಅಂಥ ಕೊಳವೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದರ ಮೇಲೆ ಕ್ಷೇತ್ರದ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: ಅಲೆಯ ಆವರ್ತನ ಕಡಿಮೆಯಾದಂತೆ ವೇಗ ಹೆಚ್ಚುತ್ತದೆ. ಏಣಿಯ ಭಾಷೆಯಲ್ಲಿ ಇದನ್ನು ಹೇಳಬೇಕಾದರೆ ಇಂಡಕ್ಟೆನ್ಸ್, ಕೆಪಾಸಿಟೆನ್ಸ್‌ಗಳೇ ಆವರ್ತನದೊಂದಿಗೆ ಬದಲಾಗುತ್ತವೆ ಎನ್ನಬೇಕು. ಅಂಗಡಿಯಲ್ಲಿ ಕೊಂಡು ತಂದ ಕೆಪಾಸಿಟರಿನ ಅಳತೆ ಹೀಗೆ ಆವರ್ತನಕ್ಕೊಂದಾಗುವುದಿಲ್ಲ. ಅಂದಮೇಲೆ ಏಣಿಯ ಮೆಟ್ಟಿಲುಗಳು ವಸ್ತುಗಳಲ್ಲ, ವಸ್ತುವಿನ ನಡತೆಗೆ ಇಟ್ಟ ಹೆಸರುಗಳು. ಹೆಸರು ಏಣಿಯದು, ಅಂಕಿ ಕ್ಷೇತ್ರದಿಂದ ತಂದ ಕಡ.

ಏಣಿಯಲ್ಲಿ ಅಲೆ ಇರುವುದೆಲ್ಲಿ ಎಂಬುದೂ ಕೇಳಬೇಕಾದ ಮಾತು. ಒಂದು ಮೆಟ್ಟಿಲನ್ನು ಕಳಚಿ ಮೇಜಿನ ಮೇಲಿಟ್ಟರೆ ಅಲ್ಲಿ ಅಲೆ ಇಲ್ಲ; ಕೆಪಾಸಿಟರ್ ತುಂಬುತ್ತದೆ, ಇಂಡಕ್ಟರಿನೊಳಕ್ಕೆ ಖಾಲಿಯಾಗುತ್ತದೆ, ಅಷ್ಟೇ. ಎರಡನೆಯದರಲ್ಲೂ ಇಲ್ಲ, ನೂರನೆಯದರಲ್ಲೂ ಇಲ್ಲ. ಮೊದಲನೆಯದು ಎರಡನೆಯದನ್ನು ತುಂಬುತ್ತದೆ, ಎರಡನೆಯದು ಮೂರನೆಯದನ್ನು. ಸಾಗಿ ಹೋದ ವಸ್ತು ಯಾವುದೂ ಇಲ್ಲ, ಸಾಲು ಮಾತ್ರ ಸಾಗಿದೆ. ಶಬ್ದ ಹೇಗೆ ಕಿವಿ ಮುಟ್ಟುತ್ತದೆ ಎಂಬ ಚರ್ಚೆಯಲ್ಲಿ ನ್ಯಾಯ-ವೈಶೇಷಿಕರು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಭೇರಿಯ ಬಳಿ ಹುಟ್ಟಿದ ಶಬ್ದವೇ ಎದ್ದು ಕಿವಿಗೆ ನಡೆದು ಬರುವುದಿಲ್ಲ. ಒಂದು ಶಬ್ದ ತನ್ನ ಪಕ್ಕದಲ್ಲಿ ಇನ್ನೊಂದು ಶಬ್ದವನ್ನು ಹುಟ್ಟಿಸಿ ಅಳಿಯುತ್ತದೆ, ಅದು ಮತ್ತೊಂದನ್ನು. ಕಿವಿಗೆ ಬೀಳುವುದು ಸರಣಿಯ ಕೊನೆಯದು. ಇದಕ್ಕೆ ವೀಚೀತರಂಗ ನ್ಯಾಯ ಎಂದು ಹೆಸರು. ಕದಂಬದ ಮೊಗ್ಗು ಒಮ್ಮೆಗೇ ಸುತ್ತಲೂ ಬಿರಿದಂತೆ ಶಬ್ದ ಎಲ್ಲ ದಿಕ್ಕಿಗೂ ಹುಟ್ಟುತ್ತದೆ ಎಂಬ ಕದಂಬಮುಕುಲ ನ್ಯಾಯ ಅದಕ್ಕೆ ಜೋಡಿ. ಮೊದಲನೆಯದು ತಂತಿಯ ಗುಂಟ ಹೋಗುವ ಅಲೆಗೆ ಒಪ್ಪುತ್ತದೆ, ಎರಡನೆಯದು ಬಯಲಲ್ಲಿ ಹರಡುವ ಅಲೆಗೆ.

ಇಂಥ ಚರ್ಚೆ ಈ ಸೀಮೆಗೆ ದೂರದ್ದಲ್ಲ. ರೋಣದಿಂದ ಗಜೇಂದ್ರಗಡದ ಕಡೆಗೆ ಹೋಗುವವರು ಹಾದುಹೋಗಬಹುದಾದ ಸೂಡಿ, 11ನೇ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನ ಮುಖ್ಯ ಊರು, ಕಾಳಾಮುಖ ಶೈವರ ನೆಲೆ. ಜೋಡುಕಳಸದ ಗುಡಿ ಮತ್ತು ನಾಗಕುಂಡವನ್ನು ನೋಡಲು ಬರುವವರಿಗೆ ಈ ಊರು ಶಿಲ್ಪದ ಊರು. ಆದರೆ ಕಾಳಾಮುಖರ ಮಠಗಳು ಪೂಜೆಗೆ ಮಾತ್ರ ಮೀಸಲಾಗಿರಲಿಲ್ಲ, ಪಾಠಶಾಲೆಗಳೂ ಆಗಿದ್ದವು. ಅದೇ ಪಂಥದ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ ಮುಂತಾದ ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳುತ್ತದೆ. ಅಲೆ ಒಂದು ವಸ್ತುವೋ ಸರಣಿಯೋ ಎಂಬ ಜಿಜ್ಞಾಸೆ ಅಂಥ ಜಗಲಿಗಳಿಗೆ ಪರಕೀಯವಲ್ಲ. ಅವರಿಗೆ ವಿದ್ಯುತ್ತು ಗೊತ್ತಿತ್ತು ಎಂದು ಇದರಿಂದ ಯಾರೂ ಹೇಳಬಾರದು. ಹಾಗೆ ಹೇಳುವುದು ಇತ್ತೀಚೆಗೆ ಅಗ್ಗವಾಗಿದೆ. ಅವರಿಗೆ ಗೊತ್ತಿದ್ದದ್ದು ಪ್ರಶ್ನೆ.

ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದಕ್ಕೆ ತೆರಬೇಕಾದ ಬೆಲೆಯೂ ಉಂಟು. ಬಿಡಿ ಬಿಡಿ ಇಂಡಕ್ಟರ್, ಕೆಪಾಸಿಟರುಗಳ ಏಣಿ ಒಂದು ಆವರ್ತನಕ್ಕಿಂತ ಮೇಲಿನ ಅಲೆಯನ್ನು ಹಾಯಗೊಡುವುದಿಲ್ಲ. ಅಲೆಯ ಏರಿಳಿತ ಒಂದು ಮೆಟ್ಟಿಲಿನೊಳಗೇ ಮುಗಿದುಹೋಗುವಷ್ಟು ಕಿರಿದಾದರೆ ಏಣಿಗೆ ಅದು ಕಾಣುವುದೇ ಇಲ್ಲ. ಕತ್ತರಿಸದ ನೆಟ್ಟನೆಯ ತಂತಿಗೆ ಇಂಥ ತಡೆ ಇಲ್ಲ; ಅಂದಮೇಲೆ ಅದು ಕತ್ತರಿಯ ಗುಣ, ಬಟ್ಟೆಯದ್ದಲ್ಲ. ಸುರುಳಿಯ ವಿಷಯದಲ್ಲಿ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಸುತ್ತು ಮೇಲೆ ಸುತ್ತು ಪುನರಾವರ್ತನೆಯಾಗುವ ವಸ್ತು ಅದು. ಸ್ಯಾಮ್ಯುಯೆಲ್ ಸೆನ್ಸಿಪರ್ 1951ರಲ್ಲಿ ಪಟ್ಟಿಯ ಸುರುಳಿಯ ಕ್ಷೇತ್ರವನ್ನು ಲೆಕ್ಕ ಹಾಕಿದಾಗ, ಅಲೆ ಸುರುಳಿಗೆ ಅಂಟಿಕೊಂಡು ಸಾಗಲಾರದ ಪ್ರದೇಶಗಳು ನಿಜವಾಗಿಯೂ ಇವೆ ಎಂದು ತೋರಿತು. ಏಣಿ ತನ್ನ ತಪ್ಪಿನಿಂದ ಹೇಳಿದ ಮಾತಿಗೆ ಹೋಲುವ ಮಾತೊಂದು ಸುರುಳಿಯಲ್ಲೇ ಬೇರೆ ಕಾರಣಕ್ಕೆ ಇತ್ತು. ಮಾದರಿಯ ದೋಷ ಯಾವುದು, ವಸ್ತುವಿನ ಗುಣ ಯಾವುದು ಎಂದು ಮಾದರಿಯ ಒಳಗೆ ಕೂತು ಬಿಡಿಸಲು ಬರುವುದಿಲ್ಲ. ಹೊರಗೆ ಬಂದು ಇನ್ನೊಂದು ಕಡೆಯಿಂದ ನೋಡಬೇಕಾಗುತ್ತದೆ.

ಉಪಗ್ರಹದ ಟ್ಯೂಬಿಗಿಂತ ಹತ್ತಿರದ ಸುರುಳಿ ಹೊಲದ ಅಂಚಿನ ಕಂಬದ ಮೇಲಿದೆ. ಊರಿನವರು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಅದರ ಹೈಟೆನ್ಷನ್ ಬದಿಯಲ್ಲಿ ತೆಳ್ಳನೆಯ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಮುಂಗಾರಿಗೆ ಮುಂಚಿನ ಅಡ್ಡಮಳೆಯಲ್ಲಿ ನರಗುಂದದ ಎರೆ ಬಯಲಿನ ಮೇಲೂ ಗಾಳಿಯಂತ್ರಗಳು ಸಾಲುಗಟ್ಟಿ ನಿಂತ ಗಜೇಂದ್ರಗಡದ ಗುಡ್ಡದ ಮೇಲೂ ಸಿಡಿಲು ಬೀಳುತ್ತದೆ. ಲೈನಿನ ಮೇಲೆ ಎದ್ದ ಸಿಡಿಲಿನ ಅಲೆ ಟಿ.ಸಿ. ಒಳಗೆ ನುಗ್ಗಿ ಅದನ್ನು ಸುಟ್ಟರೆ ಆ ಟಿ.ಸಿ. ವೈಂಡಿಂಗ್ ಕೆಲಸಗಾರನ ಮುಂದೆ ಬರುತ್ತದೆ. ಟ್ಯಾಂಕಿನಿಂದ ಎತ್ತಿದ ಕಾಯಿಲಿನಿಂದ ಎಣ್ಣೆ ಸೋರುತ್ತಿರುತ್ತದೆ, ಸುಟ್ಟ ಕಾಗದದ ಕಮಟು. ಹೊರೆ ಹೆಚ್ಚಾಗಿ ಸುಟ್ಟದ್ದಾದರೆ ಇಡೀ ಕಾಯಿಲು ಕಂದಿ, ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಸಿಡಿಲಿನದಾದರೆ ಗುರುತು ಬೇರೆ: ಲೈನಿನ ಬದಿಯ ಮೊದಲ ಕೆಲವು ಸುತ್ತುಗಳ ನಡುವೆ ಕಪ್ಪಗೆ ತೂತು, ಉಳಿದ ಕಾಯಿಲು ಹೊಸದರಂತೆ ಹೊಳೆಯುತ್ತಿರುತ್ತದೆ.

ಸಾವಿರಾರು ಸುತ್ತುಗಳಿರುವಾಗ ಮೊದಲ ಕೆಲವಕ್ಕೇ ಪೆಟ್ಟು ಬೀಳುವುದೇಕೆ? ಸಿಡಿಲಿನ ಅಲೆಯನ್ನು ಪ್ರತಿನಿಧಿಸಲು ಪರೀಕ್ಷಾಲಯಗಳು ಬಳಸುವ ಪ್ರಮಾಣಿತ ಅಲೆ 1.2 ಮೈಕ್ರೋಸೆಕೆಂಡಿನಲ್ಲಿ ಶಿಖರ ಮುಟ್ಟಿ, 50 ಮೈಕ್ರೋಸೆಕೆಂಡಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾಯಿಲಿನ ತಂತಿ ಒಂದು ಕಿಲೋಮೀಟರ್ ಎಂದು ಇಟ್ಟುಕೊಂಡರೆ, ಅದರ ಕೊನೆ ಮುಟ್ಟಲು ಬೆಳಕಿಗೇ 3.3 ಮೈಕ್ರೋಸೆಕೆಂಡ್ ಬೇಕು. ಅಲೆಯ ಮುಂಗಡೆಗೆ ತಂತಿಯ ಗುಂಟ ಹೋಗಲು ಪುರಸೊತ್ತಿಲ್ಲ. ಆ ಮೊದಲ ಕ್ಷಣದಲ್ಲಿ ಇಂಡಕ್ಟೆನ್ಸ್ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕಾಯಿಲು ಬರೀ ಕೆಪಾಸಿಟರುಗಳ ಗೊಂಚಲಿನಂತೆ ವರ್ತಿಸುತ್ತದೆ. ಸುತ್ತಿನಿಂದ ಸುತ್ತಿಗೆ ಒಂದು ಕೆಪಾಸಿಟೆನ್ಸ್, ಸುತ್ತಿನಿಂದ ಕಬ್ಬಿಣದ ಟ್ಯಾಂಕಿಗೆ ಇನ್ನೊಂದು. ಇಡೀ ಕಾಯಿಲಿನ ಭೂಮಿಯ ಕಡೆಯ ಕೆಪಾಸಿಟೆನ್ಸನ್ನು ಸುತ್ತುಗಳ ಸರಣಿಯ ಕೆಪಾಸಿಟೆನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ 10 ಎನ್ನೋಣ. ಆಗ ಕಾಯಿಲಿನ ಮೊದಲ ಹತ್ತನೇ ಒಂದು ಪಾಲಿನ ಮೇಲೆ ಒಟ್ಟು ವೋಲ್ಟೇಜಿನ ಶೇ. 63ರಷ್ಟು ಬೀಳುತ್ತದೆ, ಉಳಿದ ಒಂಬತ್ತು ಪಾಲು ಸೇರಿ ಮಿಕ್ಕಿದ್ದನ್ನು ಹಂಚಿಕೊಳ್ಳುತ್ತವೆ. ಲೈನಿನ ಬದಿಯ ಸುತ್ತುಗಳಿಗೆ ಹೆಚ್ಚುವರಿ ಇನ್ಸುಲೇಷನ್ ಹಾಕುವ ರೂಢಿ ಬಂದದ್ದು ಇದರಿಂದ. ಸುತ್ತುಗಳ ನಡುವಿನ ಕೆಪಾಸಿಟೆನ್ಸನ್ನು ಲೆಕ್ಕಕ್ಕೆ ಹಿಡಿದು ಕಾಯಿಲಿನೊಳಕ್ಕೆ ಅಲೆ ಹೊಗುವ ಬಗೆಯನ್ನು ಕಾರ್ಲ್ ವಿಲ್ಲಿ ವಾಗ್ನರ್ 1915ರಲ್ಲೇ ಬರೆದಿದ್ದ.

ಕೆಲವು ಮೈಕ್ರೋಸೆಕೆಂಡ್ ಕಳೆದರೆ ಅದೇ ಕಾಯಿಲು ಬೇರೆಯೇ ಆಗುತ್ತದೆ. ಈಗ ಇಂಡಕ್ಟೆನ್ಸಿಗೂ ಮಾತಾಡಲು ಅವಕಾಶ ಸಿಗುತ್ತದೆ. ಅಲೆ ಕಾಯಿಲಿನ ಉದ್ದಕ್ಕೂ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಒಮ್ಮೊಮ್ಮೆ ನಡುವಿನ ಸುತ್ತುಗಳಲ್ಲಿ ಬಂದ ವೋಲ್ಟೇಜಿಗಿಂತ ಹೆಚ್ಚಿನದು ಏಳುತ್ತದೆ. ತೂಗಾಟ ಅಡಗಿದ ಮೇಲೆ, ದಿನನಿತ್ಯದ 50 ಹರ್ಟ್ಸ್ ವಿದ್ಯುತ್ತಿಗೆ, ಆ ಕಾಯಿಲು ಶುದ್ಧ ಇಂಡಕ್ಟರು. ವೋಲ್ಟೇಜು ಸುತ್ತು ಸುತ್ತಿಗೂ ಸಮನಾಗಿ ಹಂಚಿಹೋಗುತ್ತದೆ. 50 ಹರ್ಟ್ಸ್ ಅಲೆಯ ಉದ್ದ 6000 ಕಿಲೋಮೀಟರ್, ಅದರ ಮುಂದೆ ಟಿ.ಸಿ. ಒಂದು ಚುಕ್ಕೆ. ಒಂದೇ ತಾಮ್ರ, ಒಂದೇ ಸುತ್ತು, ಒಂದೇ ಎಣ್ಣೆ. ಅದು ಕೆಪಾಸಿಟರೋ, ಅಲೆ ಸಾಗುವ ದಾರಿಯೋ, ಇಂಡಕ್ಟರೋ ಎಂದು ಕೇಳಿದರೆ ಎಷ್ಟು ಹೊತ್ತಿಗೆ ಎಂದು ತಿರುಗಿ ಕೇಳದೆ ಉತ್ತರಿಸಲು ಸಾಧ್ಯವಿಲ್ಲ.

ತಿರುಗಿ ಕೇಳುವುದನ್ನೇ ಒಂದು ದರ್ಶನದ ತಳಹದಿ ಮಾಡಿಕೊಂಡವರು ಜೈನರು. ಗಜೇಂದ್ರಗಡದ ನೆರೆಯ ನರೇಗಲ್ಲಿನಲ್ಲಿ ಈಗ ನಾರಾಯಣ ಗುಡಿ ಎನಿಸಿಕೊಂಡಿರುವ ದೊಡ್ಡ ದೇವಾಲಯ ಮೂಲದಲ್ಲಿ ಬಸದಿ. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 950ರ ಹೊತ್ತಿಗೆ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ್ದು. ಆ ಬಸದಿಯ ಕಾಲಕ್ಕಾಗಲೇ ಸಮಂತಭದ್ರರ ಆಪ್ತಮೀಮಾಂಸೆ, ಅದರ ಮೇಲೆ ಅಕಲಂಕರು ಬರೆದ ಅಷ್ಟಶತಿ ಹಳೆಯ ಗ್ರಂಥಗಳು. ವಸ್ತುವಿಗೆ ಅನೇಕ ಧರ್ಮಗಳಿವೆ, ಅಂದರೆ ಗುಣಗಳಿವೆ, ಆದ್ದರಿಂದ ಅದು ಅನೇಕಾಂತ ಎಂಬುದು ಅಲ್ಲಿನ ಮೊದಲ ಮಾತು. ಒಂದು ಧರ್ಮವನ್ನು ಹಿಡಿದು ವಸ್ತುವನ್ನು ಹೇಳುವ ದೃಷ್ಟಿಗೆ ನಯ ಎಂದು ಹೆಸರು. ನಯ ಉಳಿದ ನಯಗಳ ಅಪೇಕ್ಷೆ ಇಟ್ಟುಕೊಂಡಿದ್ದರೆ ವಸ್ತುವನ್ನು ಮುಟ್ಟುತ್ತದೆ. ತಾನೇ ಎಲ್ಲ ಎಂದು ಉಳಿದವನ್ನು ತಳ್ಳಿಹಾಕಿದರೆ ದುರ್ನಯವಾಗುತ್ತದೆ. ಸುರುಳಿ ಎಂದರೆ ಇಂಡಕ್ಟೆನ್ಸು ಎಂಬುದು ನಯ. ಸುರುಳಿ ಎಂದರೆ ಇಂಡಕ್ಟೆನ್ಸು ಮಾತ್ರ ಎಂಬುದು ದುರ್ನಯ, ಮತ್ತು ಅದನ್ನು ನಂಬಿ ಕಟ್ಟಿದ ಟಿ.ಸಿ. ಮೊದಲ ಸಿಡಿಲಿಗೆ ಸುಡುತ್ತದೆ.

ಅನೇಕಾಂತವನ್ನು ಹೇಳಲು ಕುರುಡರು ಆನೆ ಮುಟ್ಟಿದ ಕಥೆಯನ್ನು ತರುವುದು ವಾಡಿಕೆ. ಇಲ್ಲಿ ಆ ಕಥೆ ದಾರಿ ತಪ್ಪಿಸುತ್ತದೆ. ಕುರುಡರಲ್ಲಿ ಒಬ್ಬ ಕಾಲು ಮುಟ್ಟುತ್ತಾನೆ, ಇನ್ನೊಬ್ಬ ಕಿವಿ. ಎಲ್ಲರ ಮಾತನ್ನು ಕೂಡಿಸಿದರೆ ಆನೆಯಾಗುತ್ತದೆ. ಸರ್ಕ್ಯೂಟಿನ ಮಾತೂ ಕ್ಷೇತ್ರದ ಮಾತೂ ಹಾಗೆ ಪಾಲು ಹಂಚಿಕೊಂಡಿಲ್ಲ. ಎರಡೂ ಇಡೀ ಸುರುಳಿಯನ್ನೇ ಹೇಳುತ್ತವೆ, ಎರಡನ್ನೂ ಕೂಡಿಸಿದರೆ ಸುರುಳಿ ದೊಡ್ಡದಾಗುವುದಿಲ್ಲ.

ಹಗ್ಗ-ಹಾವಿನ ದೃಷ್ಟಾಂತಕ್ಕೂ ಇಲ್ಲಿ ಕೆಲಸವಿಲ್ಲ. ಶಂಕರರ ಅದ್ವೈತದಲ್ಲಿ ವ್ಯವಹಾರದ ಜಗತ್ತು ಪರಮಾರ್ಥ ತಿಳಿಯುವ ತನಕ ನಿಲ್ಲುತ್ತದೆ; ಹಗ್ಗ ಕಂಡೊಡನೆ ಹಾವು ಇಲ್ಲವಾಗುತ್ತದೆ. ಕ್ಷೇತ್ರ ಪರಮಾರ್ಥ, ಏಣಿ ಮಾಯೆ ಎನ್ನುವವರು ಈ ಹೋಲಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆದರೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಅರೆದು ಕುಡಿದವನಿಗೂ ಇಂಡಕ್ಟೆನ್ಸು ಕಾಣದೆ ಹೋಗುವುದಿಲ್ಲ. ಬದಲಿಗೆ, ಯಾವ ಮಿತಿಯೊಳಗೆ ಅದು ನಿಲ್ಲುತ್ತದೆ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ಹಗ್ಗವನ್ನು ನೋಡಿದ ಮೇಲೆ ಹಾವು ಇನ್ನಷ್ಟು ಗಟ್ಟಿಯಾಗಿ ಕಂಡಂತೆ ಇದು. ಜೈನಾಚಾರ್ಯ ಕುಂದಕುಂದರು ಸಮಯಸಾರದಲ್ಲಿ ಕೊಡುವ ಹೋಲಿಕೆ ಇದಕ್ಕಿಂತ ಹೊಂದುತ್ತದೆ: ಪರಭಾಷೆಯವನಿಗೆ ಅವನ ಭಾಷೆಯಲ್ಲಿ ಹೇಳದೆ ಏನನ್ನೂ ತಿಳಿಸಲಾಗದು, ಹಾಗೆಯೇ ವ್ಯವಹಾರನಯವಿಲ್ಲದೆ ಪರಮಾರ್ಥವನ್ನು ತಿಳಿಸಲಾಗದು. ಏಣಿ ಅಂಥ ಭಾಷೆ. ವೈಂಡಿಂಗ್ ಮಾಡುವವನಿಗೂ, ಟಿ.ಸಿ. ವಿನ್ಯಾಸ ಮಾಡುವ ಎಂಜಿನಿಯರಿಗೂ ಸುತ್ತು, ಇನ್ಸುಲೇಷನ್, ವೋಲ್ಟೇಜುಗಳ ಲೆಕ್ಕ ಬೇಕು; ಬಯಲಿನ ಪ್ರತಿ ಬಿಂದುವಿನಲ್ಲಿ ಕ್ಷೇತ್ರ ಎಷ್ಟೆಂದು ಬರೆದುಕೊಟ್ಟರೆ ಅವರ ಕೈಗೆ ಅದು ಹತ್ತುವುದಿಲ್ಲ.

ಜೈನರ ಸ್ಯಾದ್ವಾದದಲ್ಲಿ ಪ್ರತಿ ಹೇಳಿಕೆಯ ಮೊದಲಿಗೆ ಬರುವ ‘ಸ್ಯಾತ್’ ಎಂಬ ಪದವನ್ನು ‘ಇರಬಹುದು’ ಎಂಬ ಅನುಮಾನದ ಮಾತು ಎಂದು ತಿಳಿಯುವವರುಂಟು. ಅದು ಅನುಮಾನವಲ್ಲ, ಷರತ್ತು: ಇಂಥ ದೃಷ್ಟಿಯಿಂದ, ಇಂಥ ಎಲ್ಲೆಯೊಳಗೆ, ಖಚಿತವಾಗಿ ಹೀಗೆ. ಏಣಿಯ ಸ್ಯಾತ್ ಅನ್ನು ಎಂಜಿನಿಯರು ಅಂಕಿಯಲ್ಲೇ ಬರೆಯುತ್ತಾನೆ. ಒಂದು ಮೆಟ್ಟಿಲಿನ ಉದ್ದ ಅಲ್ಲಿ ಸಾಗುವ ಅಲೆಯ ಉದ್ದದ ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಸಾಮಾನ್ಯ ರೂಢಿ. ಈ ಷರತ್ತನ್ನು ಬರೆದ ಏಣಿ ನಿಜ. ಬರೆಯದ ಏಣಿ, ಅದೇ ಅಂಕಿಗಳಿದ್ದರೂ, ದುರ್ನಯ. ಇರುವಿಕೆ, ಇಲ್ಲದಿರುವಿಕೆ ಎರಡನ್ನೂ ಒಟ್ಟಿಗೇ ಹೇಳಹೊರಟಾಗ ಬರುವ ಅವಕ್ತವ್ಯ (ಮಾತಿಗೆ ಸಿಗದ್ದು) ಎಂಬ ಭಂಗವನ್ನು, ಅಂದರೆ ಹೇಳಿಕೆಯ ಬಗೆಯನ್ನು, ಕಾಯಿಲು ಕೆಪಾಸಿಟರೂ ಅಲ್ಲದ ಇಂಡಕ್ಟರೂ ಅಲ್ಲದ ತೂಗಾಟದ ಕ್ಷಣಗಳಿಗೆ ಹೊಂದಿಸುವ ಆಸೆ ಯಾರಿಗಾದರೂ ಆದೀತು. ಹೊಂದುವುದಿಲ್ಲ. ಆ ತೂಗಾಟ ಮಾತಿಗೆ ಮೀರಿದ್ದಲ್ಲ. ವಾಗ್ನರನ ಸಮೀಕರಣದಲ್ಲಿ ಅದಕ್ಕೆ ಪೂರ್ತಿ ವಿವರಣೆಯಿದೆ.

ಹಾಗಾದರೆ ಕ್ಷೇತ್ರವಾದರೂ ನಯವಲ್ಲದ, ವಸ್ತುವೇ ಆದ ಮಾತೇ? 1884ರಲ್ಲಿ ಜಾನ್ ಹೆನ್ರಿ ಪಾಯಿಂಟಿಂಗ್ ತೋರಿಸಿದ ಪ್ರಕಾರ ವಿದ್ಯುತ್ ಶಕ್ತಿ ಹರಿಯುವುದು ತಾಮ್ರದ ಒಳಗಲ್ಲ, ಅದರ ಸುತ್ತಲ ಜಾಗದಲ್ಲಿ; ತಾಮ್ರದೊಳಕ್ಕೆ ಹೋಗುವುದು ಬಿಸಿಯಾಗಿ ಹಾಳಾಗುವ ಪಾಲು ಮಾತ್ರ. ಇದನ್ನು ಒಪ್ಪಿದವರಿಗೆ ಏಣಿಗಿಂತ ಬಯಲು ಹೆಚ್ಚು ನಿಜ ಅನ್ನಿಸುವುದು ಸಹಜ. ಆದರೆ ಕ್ವಾಂಟಂ ಸಿದ್ಧಾಂತದ ಕಡೆಯಿಂದ ನೋಡಿದರೆ ಮ್ಯಾಕ್ಸ್‌ವೆಲ್ಲನ ಕ್ಷೇತ್ರವೂ ಅಸಂಖ್ಯ ಫೋಟಾನುಗಳ ಒಟ್ಟು ನಡತೆಗೆ ಇಟ್ಟ ಹೆಸರಾಗುತ್ತದೆ. ಅದಕ್ಕೂ ಅದರದೇ ಎಲ್ಲೆ, ಅದರದೇ ಸ್ಯಾತ್. ಎಲ್ಲ ನಯಗಳನ್ನೂ ಒಮ್ಮೆಗೇ ಹಿಡಿಯುವ ಜ್ಞಾನವನ್ನು ಜೈನರು ಕೇವಲಿಗೆ ಬಿಟ್ಟುಕೊಟ್ಟರು. ಭೌತವಿಜ್ಞಾನ ಆ ಜಾಗವನ್ನು ಖಾಲಿ ಇಟ್ಟಿದೆ.

ಹೀಗಿರುವಾಗ ಸುರುಳಿಯನ್ನು ಎಷ್ಟು ತುಂಡು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸುರುಳಿಯಲ್ಲಿಲ್ಲ, ಕೇಳುವವನ ಕಾಲದ ಅಳತೆಯಲ್ಲಿದೆ. 50 ಹರ್ಟ್ಸಿಗೆ ಇಡೀ ಟಿ.ಸಿ.ಗೆ ಒಂದೇ ತುಂಡು ಸಾಕು. ಸಿಡಿಲಿನ ಪ್ರಮಾಣಿತ ಅಲೆಗೆ ಕಾಯಿಲಿನ ಒಂದೊಂದು ಬಿಲ್ಲೆಯನ್ನೂ, ಅಂದರೆ ಕೆಲವು ಸುತ್ತುಗಳ ಒಂದೊಂದು ಗುಂಪನ್ನೂ, ಬೇರೆ ಬೇರೆ ಹಿಡಿಯಬೇಕು. ಅದಕ್ಕಿಂತ ಚುರುಕಾದ ಅಲೆಗೆ ಒಂದೊಂದು ಸುತ್ತನ್ನೂ ಬಿಡಿಸಿ ಎಣಿಸಬೇಕಾಗುತ್ತದೆ. ಸುತ್ತಿನ ಉದ್ದಕ್ಕಿಂತ ಅಲೆಯ ಉದ್ದವೇ ಕಿರಿದಾದಾಗ ಏಣಿಯನ್ನು ಕೆಳಗಿಟ್ಟು ಬಯಲಿನ ಸಮೀಕರಣಗಳಿಗೇ ಹೋಗಬೇಕು.